ನರ್ಸಮ್ಮನ ಮಗಳು ಹುಡುಕಿದ ಚುಕ್ಕೆ

ಅವಳಿಗೆ ಮನೆಯಲ್ಲಿ ಇಟ್ಟ ಅಡ್ಡಹೆಸರು ಹಿಂಗೋಪಿ. ಮುಂಗೋಪಿ ಎಂದರೆ ಎಲ್ಲರಿಗೂ ಗೊತ್ತು. ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡು ಓಡಾಡುವವರು, ಒಮ್ಮೆ ಸಿಡಿದರೆ ತಣ್ಣಗಾಗುವವರು. ಇವಳದು ತಿರುಗಾಮುರುಗಾ. ಚಿಕ್ಕಂದಿನಲ್ಲಿ ಯಾರಾದರೂ ಜಡೆ ಎಳೆದರೆ ಅಳುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ಸುಮ್ಮನೆ ಒಮ್ಮೆ ಮುಖ ನೋಡಿ ಹೋಗುತ್ತಿದ್ದಳು. ಎಳೆದವರು ಅದನ್ನು ಮರೆತು, ಪರೀಕ್ಷೆ ಮುಗಿದು, ರಜೆಯೂ ಕಳೆದ ಮೇಲೆ ಒಂದು ದಿನ ಅವರ ಚಪ್ಪಲಿ ಹೊಳೆಯಲ್ಲಿ ತೇಲಿಕೊಂಡು ಹೋಗುತ್ತಿರುತ್ತಿತ್ತು. "ಇದು ಮುಂಗೋಪ ಅಲ್ಲಮ್ಮ, ಹಿಂಗೋಪ" ಎಂದು ಅಮ್ಮ ನಕ್ಕಿದ್ದಳು. ಹೆಸರು ಅಂಟಿಕೊಂಡಿತು.

ಅಮ್ಮ ಹೊಳೆದಂಡೆಯ ಆ ಸಣ್ಣ ಊರಿನ ಆಸ್ಪತ್ರೆಯಲ್ಲಿ ನರ್ಸು. ಡಾಕ್ಟರೆಂಬುವರು ವಾರಕ್ಕೊಮ್ಮೆ ಮುಖ ತೋರಿಸಿ ಹೋಗುವ ನೆಂಟರು. ಮಿಕ್ಕ ದಿನ ಆಸ್ಪತ್ರೆ ಎಂದರೆ ನರ್ಸಮ್ಮ, ನರ್ಸಮ್ಮ ಎಂದರೆ ಆಸ್ಪತ್ರೆ. ಗಂಡ ತೀರಿಕೊಂಡಿದ್ದರು, ಇದ್ದವಳು ಇವಳೊಬ್ಬಳೇ ಮಗಳು. ಊರಿನ ಮಕ್ಕಳಿಗೆಲ್ಲ ಲಸಿಕೆ ಹಾಕಿದ ಕೈ ಅದು. ಸೂಜಿ ಒಳಗೆ ಹೋಗಿ ಹೊರಗೆ ಬಂದ ಮೇಲೆ ಮಕ್ಕಳು "ಯಾವಾಗ ಚುಚ್ತೀರಿ?" ಎಂದು ಕೇಳುತ್ತಿದ್ದವು. ಅಷ್ಟು ಹಗುರ.

ಆಸ್ಪತ್ರೆಯ ಎದುರಿಗೆ ಔಷಧಿ ಅಂಗಡಿ. ಅಂಗಡಿಯವರನ್ನು ಊರೆಲ್ಲ ಔಷಧಿ ಮಾಮ ಎಂದೇ ಕರೆಯುತ್ತಿತ್ತು. ಬಿಳಿ ಕೋಟು ಹಾಕಿಕೊಂಡು ಗಾಜಿನ ಕೌಂಟರಿನ ಹಿಂದೆ ನಿಂತರೆ ಡಾಕ್ಟರಿಗಿಂತ ಡಾಕ್ಟರಾಗಿ ಕಾಣುತ್ತಿದ್ದರು. ಔಷಧಿಯ ಜೊತೆಗೆ ಊರ ಸುದ್ದಿಯನ್ನೂ ಕಟ್ಟಿಕೊಡುತ್ತಿದ್ದರು. ಯಾರ ಮನೆಯಲ್ಲಿ ಯಾರಿಗೆ ಯಾವ ಕಾಯಿಲೆ, ಯಾವ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ ಎಂಬುದೆಲ್ಲ ಅವರಿಗೆ ಮೊದಲು ಗೊತ್ತು. ಮಾತ್ರೆಯ ಪೊಟ್ಟಣವನ್ನು ಕೈಗಿಡುತ್ತ, ಮುಂದಕ್ಕೆ ಬಾಗಿ, ದನಿ ಇಳಿಸಿ ಹೇಳಿ ಮುಗಿಸುತ್ತಿದ್ದರು: "ಈ ಮಾತೂ ಮಾತ್ರೆ ಇದ್ದ ಹಾಗೆ, ಹೊಟ್ಟೇಲಿರಲಿ." ಇದು ಅವರ ವರಸೆ. ಹೇಳಿದ ಮಾತು ಯಾರ ಹೊಟ್ಟೆಯಲ್ಲೂ ಉಳಿಯುತ್ತಿರಲಿಲ್ಲ ಎನ್ನುವುದು ಬೇರೆ ವಿಷಯ.

ಹಿಂಗೋಪಿ ಶಾಲೆಯ ಕೊನೆಯ ತರಗತಿಯಲ್ಲಿದ್ದ ವರ್ಷ, ಚಳಿ ಇನ್ನೇನು ಇಳಿಯುತ್ತಿದೆ ಎನ್ನುವಾಗ, ಊರಿನ ಮಕ್ಕಳು ಒಂದಾದ ಮೇಲೊಂದು ಮಲಗಿದವು. ವಾಂತಿ, ಮಂಪರು, ಕೈಕಾಲು ಸೆಟೆತ. ಯಾರ ಜೀವಕ್ಕೂ ಅಪಾಯವಾಗಲಿಲ್ಲ, ಆದರೆ ಸೇತುವೆಯ ಪಕ್ಕದ ಟೈಲರಮ್ಮನ ಪುಟ್ಟ ಮಗಳಿಗೆ ಕಿವಿ ಹೋಯಿತು. ಮಂಪರು ಇಳಿದ ಮೇಲೆ ತಾಯಿ ಬಟ್ಟಲು ಬಡಿದರೂ, ಹೆಸರು ಹಿಡಿದು ಕೂಗಿದರೂ ಮಗು ತಿರುಗಿ ನೋಡಲಿಲ್ಲ.

ಆಗ ತಾನೇ ಲಸಿಕೆ ಹಾಕುವ ದಿನಗಳು ಮುಗಿದಿದ್ದವು. ಮಾತು ಹೇಗೆ ಹುಟ್ಟಿತೋ, ಒಂದೇ ದಿನದಲ್ಲಿ ಊರಿಗೆ ಊರೇ ಅದನ್ನು ಬಾಯಿಪಾಠ ಮಾಡಿಬಿಟ್ಟಿತು. ನರ್ಸಮ್ಮ ಒಳ್ಳೆಯ ಲಸಿಕೆಯನ್ನು ಹೊರಗೆ ಮಾರಿಕೊಂಡು ಮಕ್ಕಳಿಗೆ ಕೆಟ್ಟದ್ದನ್ನು ಚುಚ್ಚಿದ್ದಾಳೆ! ಮಧ್ಯಾಹ್ನದ ಹೊತ್ತಿಗೆ ಆಸ್ಪತ್ರೆಯ ಮುಂದೆ ಜನ. ಕಿಟಕಿಯ ಗಾಜು ಒಡೆಯಿತು. ಎಲ್ಲರಿಗಿಂತ ಮುಂದೆ ಟೈಲರಮ್ಮ. ನರ್ಸಮ್ಮನ ಬಲಗೈ ಹಿಡಿದು ಹೊರಗೆ ಎಳೆದಳು. ನರ್ಸಮ್ಮ ಮೆಟ್ಟಿಲಿನಿಂದ ಕೆಳಗೆ ಬಿದ್ದಳು, ಮಣಿಕಟ್ಟು ಮುರಿಯಿತು. ಮಗಳು ಗುಂಪಿನ ಹಿಂದೆ ಸಿಕ್ಕಿಕೊಂಡು, ಯಾರದೋ ಬೆನ್ನನ್ನು ಮುಷ್ಟಿಯಿಂದ ಗುದ್ದುತ್ತಿದ್ದಳು.

ಆ ಗುಂಪನ್ನು ಸೀಳಿಕೊಂಡು ಬಂದದ್ದು ಔಷಧಿ ಮಾಮನ ವ್ಯಾನು. "ಬಿಡ್ರೋ, ಹೆಂಗಸು ಅನ್ನೋದಾದ್ರೂ ನೋಡ್ಬಾರದಾ!" ಎಂದು ಕೂಗಿ, ತಾಯಿ ಮಗಳಿಬ್ಬರನ್ನೂ ಒಳಗೆ ಎಳೆದುಕೊಂಡು, ನಗರದ ದೊಡ್ಡ ಆಸ್ಪತ್ರೆಯ ತನಕ ಬಿಟ್ಟುಬಂದರು.

ತನಿಖೆ ನಡೆಯಿತು. ಲಸಿಕೆ ಸರಿಯಾಗಿತ್ತು, ಇಟ್ಟಿದ್ದ ಪೆಟ್ಟಿಗೆ ಸರಿಯಾಗಿತ್ತು, ನರ್ಸಮ್ಮನ ತಪ್ಪು ಏನೇನೂ ಇಲ್ಲ ಎಂದಾಯಿತು. ಮಕ್ಕಳಿಗೆ ಹಾಗೇಕಾಯಿತು ಎಂದು ಮಾತ್ರ ಯಾರೂ ಹೇಳಲಿಲ್ಲ. ಊರಿಗೆ ಅಷ್ಟು ಹೊತ್ತಿಗೆ ಬೇರೆ ಸುದ್ದಿ ಸಿಕ್ಕಿತ್ತು. ನರ್ಸಮ್ಮ ಮತ್ತೆ ಆ ಕಡೆ ಕಾಲಿಡಲಿಲ್ಲ. ಮುರಿದ ಕೈ ಕೂಡಿತು, ಆದರೆ ಹೆಬ್ಬೆರಳಿಗೂ ತೋರುಬೆರಳಿಗೂ ಹೊಂದಾಣಿಕೆ ತಪ್ಪಿತು. ಸೂಜಿ ಹಿಡಿದರೆ ನಡುಗುತ್ತಿತ್ತು. ನಗರದ ಆಸ್ಪತ್ರೆಯಲ್ಲಿ ಹಾಸಿಗೆ ಬಟ್ಟೆ ಮಡಿಸುವ ಕೆಲಸಕ್ಕೆ ಸೇರಿದಳು. ಔಷಧಿ ಮಾಮ ಆಗೀಗ ಫೋನು ಮಾಡಿ ವಿಚಾರಿಸುತ್ತಿದ್ದರು, ಕೈನೋವಿಗೆ ಮುಲಾಮು ಕಳಿಸುತ್ತಿದ್ದರು. "ಆ ಪುಣ್ಯಾತ್ಮ ಇಲ್ದಿದ್ರೆ ಅವತ್ತು ನಾವು ಉಳೀತಿರ್ಲಿಲ್ಲ" ಎಂದು ಅಮ್ಮ ಪ್ರತಿ ಸಲವೂ ಹೇಳುತ್ತಿದ್ದಳು.

ಮಗಳ ಹೊಟ್ಟೆಯಲ್ಲಿ ಒಂದೇ ಮುಖ ಉರಿಯುತ್ತಿತ್ತು, ಟೈಲರಮ್ಮನದು. ಆದರೆ ಅದರ ಕೆಳಗೆ ಇನ್ನೊಂದು ಪ್ರಶ್ನೆಯೂ ಇತ್ತು. ಕೈ ಎಳೆದವಳು ಅವಳು, ಸರಿ. ಆ ಮಾತನ್ನು ಹುಟ್ಟಿಸಿದವರು ಯಾರು?

ಅವಳು ಸಂಖ್ಯಾಶಾಸ್ತ್ರ ಓದಿದಳು. ಮೇಷ್ಟರುಗಳು ಬುದ್ಧಿವಂತೆ ಎಂದರು, ಗೆಳತಿಯರು ಪುಸ್ತಕದ ಹುಳ ಎಂದರು. ಒಳಗಿನ ಸಂಗತಿ ಯಾರಿಗೂ ಗೊತ್ತಿರಲಿಲ್ಲ. ಓದು ಮುಗಿದ ಮೇಲೆ ದೊಡ್ಡ ಸಂಬಳದ ಕೆಲಸಗಳನ್ನು ಬಿಟ್ಟು ಒಂದು ಸಂಶೋಧನಾ ಕೇಂದ್ರಕ್ಕೆ ಸೇರಿದಳು. ಊರುಗಳು ಸುದ್ದಿಯನ್ನು ಹೇಗೆ ನಂಬುತ್ತವೆ ಎಂದು ಕಂಡುಹಿಡಿಯುವುದು ಅಲ್ಲಿನ ಕೆಲಸ. ಜನರ ಫೋನುಗಳಲ್ಲಿ ಓಡಾಡಿದ ಲಕ್ಷಾಂತರ ಸಂದೇಶಗಳನ್ನು ಒಟ್ಟುಹಾಕಿ, ಒಂದು ಸುಳ್ಳು ಯಾವ ಬಾಗಿಲಿನಿಂದ ಒಳಗೆ ಬಂತು, ಯಾರ ಮನೆಯಲ್ಲಿ ಕೊಬ್ಬಿತು, ಎಲ್ಲಿ ತನ್ನಷ್ಟಕ್ಕೆ ಸತ್ತಿತು ಎಂದು ಕಂಪ್ಯೂಟರಿನಿಂದ ಲೆಕ್ಕ ಹಾಕಿಸುತ್ತಿದ್ದರು. ತೆರೆಯ ಮೇಲೆ ಒಬ್ಬೊಬ್ಬ ಮನುಷ್ಯನೂ ಒಂದೊಂದು ಚುಕ್ಕೆ. ಒಬ್ಬರ ಮಾತನ್ನು ಇನ್ನೊಬ್ಬರು ಮುಂದೆ ದಾಟಿಸಿದರೆ ನಡುವೆ ಒಂದು ಗೆರೆ.

ಕೇಂದ್ರವನ್ನು ಕಟ್ಟಿದ ಮೇಡಂ ಸಣ್ಣ ಆಳು, ಕಬ್ಬಿಣದ ಮಾತು. ಕೆಲಸಕ್ಕೆ ಸೇರಿದವರಿಂದ ಮೊದಲ ದಿನವೇ ಒಂದು ಮಾತು ತೆಗೆದುಕೊಳ್ಳುತ್ತಿದ್ದರು. "ಜನ ತಮ್ಮ ಫೋನು ನಮ್ಮ ಕೈಗೆ ಕೊಡ್ತಾರೆ ಅಂದ್ರೆ ತಮ್ಮ ಮನೆ ಬಾಗಿಲು ತೆಗೆದು ಕೊಟ್ಟ ಹಾಗೆ. ಹೆಸರು ತೆಗೆದು ನಂಬರ್ ಹಾಕಿರ್ತೀವಿ. ಆ ನಂಬರಿನ ಹಿಂದೆ ಯಾರಿದಾರೆ ಅಂತ ಹುಡುಕೋಕೆ ಹೋದವರಿಗೆ ಇಲ್ಲಿ ಜಾಗ ಇಲ್ಲ. ಒಪ್ಪಿಗೆ ತಾನೇ?"

"ಒಪ್ಪಿಗೆ ಮೇಡಂ" ಎಂದಳು ಹಿಂಗೋಪಿ, ಕಣ್ಣು ಪಿಳುಕಿಸದೆ.

ಯಾವ ಯಾವ ಊರುಗಳನ್ನು ಸೇರಿಸಿಕೊಳ್ಳಬೇಕು ಎಂಬ ಚರ್ಚೆ ಬಂದಾಗ ತನ್ನ ಊರನ್ನೂ ಸೂಚಿಸಿದಳು. ಹೊಳೆದಂಡೆಯ ಸಣ್ಣ ಊರು, ಎಲ್ಲರೂ ಫೋನಿನ ಒಂದೇ ಗ್ರೂಪಿನಲ್ಲಿದ್ದಾರೆ, ಅಧ್ಯಯನಕ್ಕೆ ಹೇಳಿಮಾಡಿಸಿದ ಹಾಗಿದೆ ಎಂದಳು. ತಾನು ಅಲ್ಲಿ ಹುಟ್ಟಿ ಬೆಳೆದವಳೆಂದು ಹೇಳಲಿಲ್ಲ. ಮೇಡಂ ಒಪ್ಪಿದರು. ಊರಿನಿಂದ ಹಳೆಯ ಹೊಸ ಸಂದೇಶಗಳೆಲ್ಲ ಬಂದವು. ಆ ಊರಿನ ಹಿರಿಯರೊಬ್ಬರು ಮನೆಮನೆಗೆ ಹೋಗಿ, "ವಿಜ್ಞಾನಕ್ಕೆ ಸಹಾಯ ಮಾಡೋಣ, ಯಾರ ಹೆಸರೂ ಹೊರಗೆ ಬರಲ್ಲ" ಎಂದು ಜನರನ್ನು ಒಪ್ಪಿಸಿ, ಮೊದಲು ತಮ್ಮ ಫೋನನ್ನೇ ಕೊಟ್ಟರಂತೆ. ಬೇರೆ ಯಾರೂ ಅಲ್ಲ, ಔಷಧಿ ಮಾಮ.

ಆ ಚಳಿಗಾಲದ ಸಂದೇಶಗಳನ್ನು ತೆರೆದ ದಿನ ಅವಳು ಬೆರಳುಗಳನ್ನು ಮಡಿಚಿ ಬಿಚ್ಚಿ, ಮಡಿಚಿ ಬಿಚ್ಚಿ, ಆಮೇಲೆ ಕೀಲಿ ಒತ್ತಿದಳು. ತೆರೆಯ ಮೇಲೆ ತನ್ನ ಊರು ಚುಕ್ಕೆಗಳಾಗಿ ಹರಡಿಕೊಂಡಿತು. ಲಸಿಕೆಯ ಬಗ್ಗೆ ಮೊದಲ ಮಾತು ಬರೆದ ಚುಕ್ಕೆ ಸಿಕ್ಕಿತು. ಅದು ಟೈಲರಮ್ಮನೇ, ಅನುಮಾನವಿಲ್ಲ. ಮಗಳ ಕಿವಿಯ ಬಗ್ಗೆ ಬರೆದಿದ್ದಳು. ಆದರೆ ಹಿಂಗೋಪಿ ಇಷ್ಟು ವರ್ಷ ಹಲ್ಲು ಕಚ್ಚಿ ಕಾದದ್ದು ಅಲ್ಲಿರಲಿಲ್ಲ. ಅಲ್ಲಿದ್ದದ್ದು ಒಂದು ಪ್ರಶ್ನೆ. "ಮಗೂಗೆ ಕಿವಿ ಕೇಳಿಸ್ತಿಲ್ಲ, ಇಂಜೆಕ್ಷನ್ನಿಂದ ಹೀಗೆ ಆಗುತ್ತಾ? ಗೊತ್ತಿದ್ದವರು ದಯವಿಟ್ಟು ಹೇಳಿ." ಅಷ್ಟೇ. ಆ ಪ್ರಶ್ನೆಯಿಂದ ಒಂದು ಗೆರೆಯೂ ಹೊರಟಿರಲಿಲ್ಲ. ಬೆಳಿಗ್ಗೆಯೆಲ್ಲ ಅನಾಥವಾಗಿ ಬಿದ್ದಿತ್ತು.

ಆಮೇಲೆ ಇನ್ನೊಂದು ಚುಕ್ಕೆ ಉತ್ತರ ಕೊಟ್ಟಿತ್ತು. ಆ ಉತ್ತರ ಬಿದ್ದದ್ದೇ ತಡ, ತೆರೆಯ ತುಂಬ ಗೆರೆಗಳು. ಕಾಳು ಚೆಲ್ಲಿದ ಕಡೆ ಹಕ್ಕಿಗಳು ಎರಗಿದ ಹಾಗೆ ಇಡೀ ಊರು ಆ ಒಂದು ಚುಕ್ಕೆಯ ಮೇಲೆ ಎರಗಿತ್ತು. ಬೇರೆ ಯಾರು ಹೇಳಿದ್ದರೂ ಜನ ಅನುಮಾನಿಸುತ್ತಿದ್ದರು, ಈ ಚುಕ್ಕೆ ಹೇಳಿದ್ದನ್ನು ಮಾತ್ರ ಮರುಪ್ರಶ್ನೆಯಿಲ್ಲದೆ ದಾಟಿಸಿದ್ದರು. ಅವಳು ಆ ಸಂದೇಶವನ್ನು ತೆರೆದಳು.

"ಹೌದು, ಇಂಜೆಕ್ಷನ್ನಿಂದಲೇ. ನಾನು ಕಣ್ಣಾರೆ ನೋಡಿದ್ದೇನೆ, ಒಳ್ಳೆಯ ಮಾಲು ಹೊರಗೆ ಹೋಗುತ್ತಿದೆ. ಈ ಮಾತೂ ಮಾತ್ರೆ ಇದ್ದ ಹಾಗೆ, ಹೊಟ್ಟೆಯಲ್ಲಿರಲಿ."

ಹಿಂಗೋಪಿ ಎದ್ದು ಕೈತೊಳೆಯುವ ಕೋಣೆಗೆ ಹೋಗಿ, ನಲ್ಲಿ ಬಿಟ್ಟು, ನೀರು ಹರಿಯುವುದನ್ನೇ ನೋಡುತ್ತ ನಿಂತಳು. ಯಾರೋ ಬಾಗಿಲು ಬಡಿದಾಗಲೇ ಎಚ್ಚರ.

ಯಾಕೆ? ಅದೇ ಅವಳಿಗೆ ಹತ್ತಿದ ಹುಚ್ಚು. ಅಮ್ಮನ ಮೇಲೆ ಆ ಮನುಷ್ಯನಿಗೆ ಯಾವ ದ್ವೇಷವೂ ಇರಲಿಲ್ಲ. ಆಮೇಲಿನ ದಿನಗಳಲ್ಲಿ ಅವಳು ಬೇರೆ ಲೆಕ್ಕಕ್ಕೆ ಇಳಿದಳು. ಕಾಯಿಲೆ ಬಿದ್ದ ಮಕ್ಕಳ ಬಗ್ಗೆ ತಾಯಂದಿರು ಬರೆದುಕೊಂಡದ್ದನ್ನೆಲ್ಲ ಹೆಕ್ಕಿಸಿದಳು. ಲಸಿಕೆ ಹಾಕಿಸಿಕೊಂಡು ಚೆನ್ನಾಗಿಯೇ ಇದ್ದ ಮಕ್ಕಳು ಬೇಕಾದಷ್ಟು ಸಿಕ್ಕವು. ಲಸಿಕೆಯನ್ನೇ ಹಾಕಿಸಿಕೊಳ್ಳದೆ ಮಲಗಿದ ಮಕ್ಕಳೂ ಸಿಕ್ಕವು. ಮಲಗಿದ ಮಕ್ಕಳ ಮನೆಗಳಲ್ಲಿ ಮತ್ತೆ ಮತ್ತೆ ಬಂದ ಮಾತು ಬೇರೆಯೇ ಇತ್ತು. ಕೆಮ್ಮಿನ ಸಿರಪ್ಪು, ಔಷಧಿ ಮಾಮ ಹೊಸದಾಗಿ ತರಿಸಿ, ಅಗ್ಗಕ್ಕೆ ಕೊಟ್ಟದ್ದು. ಅವರ ಆ ಉತ್ತರದ ಬೆನ್ನಿಗೇ, ಸಿರಪ್ಪು ಒಯ್ದಿದ್ದ ಒಬ್ಬೊಬ್ಬ ತಾಯಿಗೂ ಅದೇ ಚುಕ್ಕೆಯಿಂದ ಬೇರೆ ಬೇರೆಯಾಗಿ ಒಂದೇ ಸಂದೇಶ: ಬಾಟಲಿಯ ಲೇಬಲ್ಲು ತಪ್ಪಾಗಿದೆಯಂತೆ, ವಾಪಸ್ಸು ತನ್ನಿ, ಬೇರೆ ಕೊಡುತ್ತೇನೆ. ಊರು ಆಸ್ಪತ್ರೆಗೆ ಕಲ್ಲು ಹೊಡೆಯುತ್ತಿದ್ದ ಹೊತ್ತಿನಲ್ಲಿ, ಎದುರಿನ ಅಂಗಡಿಯಲ್ಲಿ ಬಾಟಲಿಗಳು ಸದ್ದಿಲ್ಲದೆ ಒಳಗೆ ಹೋಗುತ್ತಿದ್ದವು. ಆಮೇಲೆ ವ್ಯಾನು ಬಂದಿತ್ತು.

ಅಂದು ಸಂಜೆ ಮನೆಗೆ ಬಂದರೆ ಅಮ್ಮ ಕಿಟಕಿಯ ಬಳಿ ಕುಳಿತು ಮಣಿಕಟ್ಟಿಗೆ ಮುಲಾಮು ತಿಕ್ಕಿಕೊಳ್ಳುತ್ತಿದ್ದಳು. "ಮಾಮ ಫೋನ್ ಮಾಡಿದ್ರು ಕಣೆ. ಹೊಸ ಆಸ್ಪತ್ರೆ ಕಟ್ತಿದಾರಂತೆ ಊರಲ್ಲಿ. ಅದರ ಕಮಿಟಿಗೆ ಅವರನ್ನೇ ಅಧ್ಯಕ್ಷ ಮಾಡ್ತಾರಂತೆ. ಒಳ್ಳೇದಾಗ್ಲಿ."

ಜಡೆ ಎಳೆದವರ ಮುಖವನ್ನು ನೋಡುವ ಹಾಗೆ ಆ ಮುಲಾಮಿನ ಕೊಳವೆಯನ್ನು ಒಮ್ಮೆ ನೋಡಿ, ಹಿಂಗೋಪಿ ಅಡುಗೆಮನೆಗೆ ಹೋದಳು.

ಮೇಡಂ ಒಂದು ಪದ್ಧತಿ ಇಟ್ಟುಕೊಂಡಿದ್ದರು. ಫೋನು ಕೊಟ್ಟ ಊರಿಗೆ ಹೋಗಿ, ಸಭೆ ಕರೆದು, ಕಂಡದ್ದನ್ನು ಅವರಿಗೇ ತೋರಿಸಬೇಕು. ಹೆಸರಿಲ್ಲ, ಸಂದೇಶಗಳ ಮಾತೂ ಇಲ್ಲ, ಬರೀ ಚುಕ್ಕೆ ಮತ್ತು ಗೆರೆ. ಹೊಳೆದಂಡೆಯ ಊರಿಗೆ ತಾನು ಹೋಗುತ್ತೇನೆಂದು ಅವಳು ಕೇಳಿಕೊಂಡಳು. ತೋರಿಸುವ ಚಿತ್ರಗಳನ್ನು ಮೇಡಂ ಒಂದೊಂದಾಗಿ ನೋಡಿ ಸರಿ ಎಂದರು. ಸರಿ ಎಂದ ಮೇಲೆ ಅವಳು ಇನ್ನಷ್ಟು ಚಿತ್ರಗಳನ್ನು ಸೇರಿಸಿಕೊಂಡಳು.

ಊರು ಹಾಗೆಯೇ ಇತ್ತು, ಅಂಗಡಿ ದೊಡ್ಡದಾಗಿತ್ತು. ಸಭೆಗೆ ಮುಂಚೆ ಅವಳು ಅಲ್ಲಿಗೇ ಹೋದಳು. ಮಾಮನ ಕೂದಲು ಬೆಳ್ಳಗಾಗಿತ್ತು, ಕೋಟು ಅಷ್ಟೇ ಬಿಳಿ.

"ಅಯ್ಯೋ, ಯಾರಿದು! ನಮ್ಮ ಸಿಸ್ಟರ್ ಮಗಳು! ಏನ್ ಪುಟ್ಟಿ, ಇಷ್ಟು ದೊಡ್ಡೋಳಾಗಿಬಿಟ್ಟೆ! ನೀನೇ ಏನು ಇವತ್ತು ಭಾಷಣ ಮಾಡೋದು?" ಎಂದು ಕೌಂಟರಿನ ಹಿಂದಿನಿಂದ ಓಡಿ ಬಂದರು. "ತಗೋ, ಈ ಗುಳಿಗೆ ಬಾಯಲ್ಲಿ ಇಟ್ಕೋ, ಗಂಟಲು ಕಟ್ಟಲ್ಲ."

ಅವಳು ಗುಳಿಗೆಯನ್ನು ತೆಗೆದುಕೊಂಡಳು, ಬಾಯಿಗೆ ಹಾಕಲಿಲ್ಲ. ದಾರಿಯುದ್ದಕ್ಕೂ ಒಂದು ವಿಷಯ ಅವಳನ್ನು ಕಾಡುತ್ತಿತ್ತು. ಎಷ್ಟಾದರೂ ಗುಂಪಿನ ನಡುವಿನಿಂದ ಅಮ್ಮನನ್ನು ಎತ್ತಿಕೊಂಡು ಬಂದ ಮನುಷ್ಯ. ಒಂದು ಅವಕಾಶ ಕೊಡೋಣ ಎನಿಸಿತ್ತು.

"ಮಾಮ, ಅವತ್ತು ಅಮ್ಮನ ಮೇಲೆ ಆ ಮಾತು ಶುರು ಮಾಡಿದ್ದು ಯಾರು?"

ಮಾಮನ ಕೈ ಒಂದು ಗಳಿಗೆ ಔಷಧಿ ಡಬ್ಬಿಗಳ ಮೇಲೆ ನಿಂತಿತು. ಆಮೇಲೆ ಡಬ್ಬಿಗಳನ್ನು ಸಾಲಾಗಿ ಜೋಡಿಸುತ್ತ ಹೇಳಿದರು: "ಇನ್ಯಾರು, ಆ ಟೈಲರಮ್ಮ. ಮಗೂಗೆ ಹಾಗಾಯ್ತಲ್ಲ, ತಲೆ ಕೆಟ್ಟಿತ್ತು ಪಾಪ. ಹಳೇದೆಲ್ಲ ಯಾಕೆ ಕೆದಕ್ತೀಯ, ಹೊಟ್ಟೇಲಿ ಹಾಕ್ಕೊಂಡು ಬಿಡು." ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಅಭ್ಯಾಸಬಲ. ಮುಂದಕ್ಕೆ ಬಾಗಿದರು, ದನಿ ಇಳಿಸಿದರು. "ಅವಳೇ ಅಂತ ನಾನು ಹೇಳ್ದೆ ಅನ್ಬೇಡ ಮತ್ತೆ. ಈ ಮಾತೂ ಮಾತ್ರೆ ಇದ್ದ ಹಾಗೆ..."

"ಗೊತ್ತು ಮಾಮ" ಎಂದಳು ಹಿಂಗೋಪಿ. "ಬರ್ತೀನಿ, ಹೊತ್ತಾಯ್ತು."

ಗುಳಿಗೆಯನ್ನು ಚರಂಡಿಗೆ ಎಸೆದು ಸಭಾಂಗಣದ ಮೆಟ್ಟಿಲು ಹತ್ತಿದಳು. ಇಷ್ಟು ವರ್ಷಗಳಲ್ಲಿ ಮೈ ಇಷ್ಟು ಹಗುರ ಎನಿಸಿದ್ದೇ ಇಲ್ಲ.

ಸಭಾಂಗಣ ತುಂಬಿತ್ತು. ವೇದಿಕೆಯ ಮೇಲೆ, ನಡುವಿನ ಕುರ್ಚಿಯಲ್ಲಿ, ಅಧ್ಯಕ್ಷರಾಗಿ ಮಾಮ. ಹಿಂದಿನ ಸಾಲಿನ ಕೊನೆಯಲ್ಲಿ ಟೈಲರಮ್ಮ, ಪಕ್ಕದಲ್ಲಿ ವಯಸ್ಸಿಗೆ ಬಂದ ಮಗಳು. ತಾಯಿ ಆಗಾಗ ಬೆರಳುಗಳಿಂದ ಸನ್ನೆ ಮಾಡಿ ಮಗಳಿಗೆ ವಿಷಯ ತಿಳಿಸುತ್ತಿದ್ದಳು. ಹಿಂಗೋಪಿ ತಾನು ಯಾರ ಮಗಳೆಂದು ಹೇಳಿಯೇ ಮಾತು ಶುರುಮಾಡಿದಳು. ಗುಸುಗುಸು ಎದ್ದು ಅಡಗಿತು. ಕೆಲವರು ತಲೆ ತಗ್ಗಿಸಿದರು.

ಮೊದಲು ಚುಕ್ಕೆಗಳನ್ನು ತೋರಿಸಿದಳು. "ಇದು ನೀವು. ಇದು ಆ ವರ್ಷ ಚಳಿಗಾಲದಲ್ಲಿ ನಿಮ್ಮ ಊರಲ್ಲಿ ಓಡಾಡಿದ ಒಂದು ಮಾತು." ಒಂಟಿ ಚುಕ್ಕೆಯೊಂದು ಬೆಳಗಿತು. "ಇವರು ಕೇಳಿದ್ದು ಒಂದು ಪ್ರಶ್ನೆ ಅಷ್ಟೇ. ಯಾರೂ ಮುಂದೆ ದಾಟಿಸ್ಲಿಲ್ಲ." ಹಿಂದಿನ ಸಾಲಿನಲ್ಲಿ ಟೈಲರಮ್ಮನ ಬೆರಳುಗಳು ನಿಂತವು. ಆಮೇಲೆ ಎರಡನೆಯ ಚುಕ್ಕೆ, ಆಮೇಲೆ ತೆರೆಯ ತುಂಬ ಗೆರೆಗಳು. ಯಾರೋ "ಅಬ್ಬಾ" ಎಂದರು.

ಮೇಡಂ ಒಪ್ಪಿದ್ದು ಇಲ್ಲಿಯ ತನಕ. ಅವಳು ಮುಂದಿನ ಚಿತ್ರ ಹಾಕಿದಳು.

"ಈ ಚುಕ್ಕೆ ಯಾರದು ಅಂತ ನಾನು ಹೇಳಲ್ಲ, ಹೇಳೋ ಹಾಗಿಲ್ಲ. ಅವರು ಬರೆದಿದ್ದನ್ನ ಓದ್ತೀನಿ."

ಓದಿದಳು. ಅವಸರವಿಲ್ಲದೆ, ಮಗ್ಗಿ ಓದುವ ಹಾಗೆ. "ಈ ಮಾತೂ ಮಾತ್ರೆ ಇದ್ದ ಹಾಗೆ" ಎನ್ನುವಷ್ಟರಲ್ಲಿ ಮುಂದಿನ ಸಾಲಿನ ಮುದುಕನೊಬ್ಬ ತನಗೆ ಅರಿವಿಲ್ಲದೆಯೇ "ಹೊಟ್ಟೇಲಿರಲಿ" ಎಂದು ಮುಗಿಸಿಬಿಟ್ಟ. ಹೇಳಿದ ಮೇಲೆ ಬಾಯಿಯ ಮೇಲೆ ಕೈ ಇಟ್ಟುಕೊಂಡ. ಸಭೆಗೆ ಸಭೆಯೇ ವೇದಿಕೆಯ ನಡುವಿನ ಕುರ್ಚಿಯತ್ತ ತಿರುಗಿತು.

ಮಾಮ ನಕ್ಕರು. "ಇದೇನಮ್ಮ ಇದು, ನನ್ನ ಮಾತನ್ನ ಊರಲ್ಲಿ ಯಾರು ಬೇಕಾದ್ರೂ ಅಣಕಿಸ್ತಾರೆ. ಯಾರೋ ತಮಾಷೆಗೆ ಬರೆದಿರ್ತಾರೆ."

"ಇರಬಹುದು ಮಾಮ" ಎಂದಳು ಅವಳು. "ಹಾಗಾದ್ರೆ ಅದೇ ಚುಕ್ಕೆ ಅವತ್ತೇ ಬರೆದ ಇನ್ನೊಂದನ್ನೂ ಓದ್ತೀನಿ." ಬಾಟಲಿಗಳನ್ನು ವಾಪಸ್ಸು ತನ್ನಿ ಎಂಬ ಸಂದೇಶವನ್ನು ಓದಿದಳು.

ಹಿಂದಿನ ಸಾಲಿನಲ್ಲಿ ಕುರ್ಚಿ ಎಳೆದ ಸದ್ದಾಯಿತು. ಟೈಲರಮ್ಮ ಎದ್ದು ನಿಂತಿದ್ದಳು.

"ಅದನ್ನ ಇನ್ನೊಂದ್ಸಲ ಓದಮ್ಮ."

ಅವಳು ಇನ್ನೊಮ್ಮೆ ಓದಿದಳು.

"ಇದು ನನ್ನ ಫೋನಿಗೂ ಬಂದಿತ್ತು" ಎಂದಳು ಟೈಲರಮ್ಮ. ದನಿ ಏರಿರಲಿಲ್ಲ. "ನಾನೇ ಬಾಟಲಿ ತಂದು ಕೊಟ್ಟೆ. ಅರ್ಧ ಖಾಲಿಯಾಗಿತ್ತು. ನೀವೇ ಕೈಯಾರೆ ತಗೊಂಡ್ರಿ ಮಾಮ. ತಗೊಂಡು, ಹೋಗಮ್ಮ, ಆ ನರ್ಸನ್ನ ಕೇಳು ಅಂತ ನನ್ನ ಕಳಿಸಿದ್ರಿ."

"ಹಾಗಲ್ಲಮ್ಮ, ಕಂಪೆನಿಯವರು..." ಎಂದು ಮಾಮ ಎದ್ದರು.

"ನನ್ನ ಮಗೂಗೆ ಕುಡಿಸಿದ್ದು ಏನು ಹೇಳಿ! ಅದನ್ನ ಹೇಳಿ ಕೂತ್ಕೊಳ್ಳಿ!"

ಇನ್ನೊಬ್ಬ ತಾಯಿ ಎದ್ದಳು, ಮತ್ತೊಬ್ಬಳು ಎದ್ದಳು. ನನಗೂ ಬಂದಿತ್ತು, ನಾನೂ ಕೊಟ್ಟೆ. ಇಷ್ಟು ವರ್ಷ ಒಬ್ಬೊಬ್ಬರ ಹೊಟ್ಟೆಯಲ್ಲೂ ಬೇರೆ ಬೇರೆಯಾಗಿ ಉಳಿದಿದ್ದ ಮಾತುಗಳು ಒಂದೆಡೆ ಸೇರಿದವು. ಮಾಮನ ಮುಖದ ಬಣ್ಣ ಇಳಿಯಿತು. ಬಿಳಿ ಕೋಟಿನ ಗುಂಡಿಯನ್ನು ಬಿಚ್ಚುತ್ತ ಹಾಕುತ್ತ, ಏನೋ ಹೇಳಲು ಬಾಯಿ ತೆರೆದು, ಯಾರೂ ಕೇಳುತ್ತಿಲ್ಲವೆಂದು ಕಂಡು, ಪಕ್ಕದ ಬಾಗಿಲಿನಿಂದ ಹೊರಟುಹೋದರು. ಹಿಂಗೋಪಿ ಅವರ ಬೆನ್ನನ್ನು ಬಾಗಿಲು ಮುಚ್ಚುವ ತನಕ ನೋಡಿದಳು. ಅಮ್ಮ ಮೆಟ್ಟಿಲಿನಿಂದ ಬಿದ್ದಾಗ ಸಿಗದ ಉಸಿರು ಆಗ ಸಿಕ್ಕಿತು.

ಸುದ್ದಿ ಅವಳಿಗಿಂತ ಮುಂಚೆ ನಗರ ಮುಟ್ಟಿತ್ತು. ಮೇಡಂ ಅವಳನ್ನು ಕೂರಿಸಲಿಲ್ಲ, ತಾವೂ ಕೂರಲಿಲ್ಲ.

"ನಿಮ್ಮ ಊರು ಅಂತ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಬಿಡ್ತಿರಲಿಲ್ಲ ಮೇಡಂ."

"ಬಿಡ್ತಿರಲಿಲ್ಲ, ನಿಜ. ನಿಮ್ಮ ತಾಯಿಗೆ ಆದದ್ದು ಘೋರ. ಆ ಮನುಷ್ಯ ಮಾಡಿದ್ದು ಹೊರಗೆ ಬರಬೇಕಿತ್ತು, ಅದಕ್ಕೆ ಬೇರೆ ದಾರಿ ಹುಡುಕಬಹುದಿತ್ತು. ನನ್ನ ಹತ್ರ ಬಂದಿದ್ರೆ ನಾನೇ ತನಿಖೆಯವರ ಬಾಗಿಲು ತಟ್ತಿದ್ದೆ. ಬೆಳಿಗ್ಗೆಯಿಂದ ಫೋನ್ ಬರ್ತಾ ಇದೆ. ಒಂದೊಂದೇ ಊರಿನವರು ನಮ್ಮ ಸಂದೇಶ ವಾಪಸ್ ಕೊಡಿ ಅಂತಿದಾರೆ. ನಾಳೆ ನಮ್ಮದೂ ತೆರೆ ಮೇಲೆ ಬರುತ್ತಾ ಅಂತ ಕೇಳ್ತಿದಾರೆ. ಏನು ಹೇಳಲಿ?"

ಈ ಹೆಂಗಸು ಅರ್ಧ ಆಯುಷ್ಯ ಹಾಕಿ ಕಟ್ಟಿದ ಕೇಂದ್ರ ತನ್ನ ಕೈಯಿಂದ ಬಿರುಕು ಬಿಟ್ಟಿದೆ ಎಂಬುದು ಹಿಂಗೋಪಿಗೆ ಚುಚ್ಚಿತು. ಅದೊಂದಕ್ಕೆ ಅವಳು ಕ್ಷಮೆ ಕೇಳಿದಳು. ಉಳಿದದ್ದಕ್ಕೆ ಕೇಳಲಿಲ್ಲ. ಮೇಡಂ ಕಿಟಕಿಯತ್ತ ತಿರುಗಿಕೊಂಡರು. ಅವಳು ಮೇಜಿನ ಮೇಲಿದ್ದ ತನ್ನ ಲೋಟ, ಚಾರ್ಜರು ತೆಗೆದುಕೊಂಡು ಮನೆಗೆ ಬಂದಳು.

ಅಮ್ಮನಿಗೆ ಹೇಗೆ ಹೇಳುವುದು? ಪುಣ್ಯಾತ್ಮ ಎಂದು ನಂಬಿಕೊಂಡ ಮನುಷ್ಯ. ಅಮ್ಮ ಕುಸಿಯಬಹುದು, ತನ್ನನ್ನೇ ಬೈಯಬಹುದು ಎಂದುಕೊಂಡೇ ಎಲ್ಲ ಹೇಳಿದಳು. ಅಮ್ಮ ನಡುವೆ ಬಾಯಿ ಹಾಕದೆ, ಸೋತ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕೇಳಿದಳು. ಮುಗಿದ ಮೇಲೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಅವನ ಮುಖ ಹೇಗಾಯ್ತು? ಅದನ್ನ ಸರಿಯಾಗಿ ಹೇಳು."

ಇಷ್ಟು ದಿನ "ಅವರು" ಆಗಿದ್ದ ಮನುಷ್ಯ ಒಂದೇ ಮಾತಿಗೆ "ಅವನು" ಆಗಿದ್ದ. ಮಗಳು ಹೇಳಿದಳು.

"ಗುಂಡಿ ಬಿಚ್ಚಿ ಹಾಕಿ ಮಾಡ್ತಿದ್ದನಾ?"

"ಹೂಂ."

"ಇನ್ನೊಂದ್ಸಲ ಹೇಳು."

ಮಗಳು ಇನ್ನೊಮ್ಮೆ ಹೇಳಿದಳು. ಅಮ್ಮ ನಕ್ಕಳು. ತುಟಿಯಂಚಿನ ನಗೆಯಲ್ಲ, ಭುಜ ಕುಲುಕುವ ನಗೆ. ನಗುತ್ತ ನಗುತ್ತ ಕಣ್ಣು ಒರೆಸಿಕೊಂಡಳು. "ಏನೇ ಹಾಗೆ ನೋಡ್ತೀಯ? ನಾನೇನು ಕಲ್ಲಾ? ಎಷ್ಟು ವರ್ಷ ಆ ಮುಂಡೇಗಂಡನಿಗೆ ಒಳ್ಳೇದಾಗ್ಲಿ ಅಂದಿದೀನಿ!" ಅಷ್ಟಾದ ಮೇಲೂ ರಾತ್ರಿ ಊಟ ಮುಗಿಸಿ ಅದೇ ಮುಲಾಮನ್ನು ಕೈಗೆ ತಿಕ್ಕಿಕೊಂಡಳು. ಬಿಸಾಕಮ್ಮ ಎಂದರೆ, "ಔಷಧಿ ಏನೇ ತಪ್ಪು ಮಾಡಿದೆ?" ಎಂದಳು.

ಊರಿನಲ್ಲಿ ಅಂಗಡಿಯ ತನಿಖೆ ಶುರುವಾಯಿತು, ಪರವಾನಗಿ ಹೋಯಿತು. ಟೈಲರಮ್ಮ ದಾವೆ ಹಾಕಿದಳು. ಮಾಮನಿಗೆ ಬೆಳಗಿನ ವಾಕಿಂಗಿನಲ್ಲಿ ಜೊತೆಯಾಗುವವರು ಇಲ್ಲವಾದರು. ಅಷ್ಟಕ್ಕೇ ನಿಂತಿದ್ದರೆ ಅದು ನ್ಯಾಯ. ಆದರೆ ಊರಿನ ಗ್ರೂಪು ಬಿಡಬೇಕಲ್ಲ. ಸಭೆಯಾದ ಮೇಲೆ ಯಾರೋ ಹಿಂಗೋಪಿಯನ್ನೂ ಅದಕ್ಕೆ ಸೇರಿಸಿದ್ದರು. ಮಾತು ಬೆಳೆಯುವುದನ್ನು ಅವಳು ಕಣ್ಣೆದುರೇ ನೋಡಿದಳು. ಮೊದಲು ಸಿರಪ್ಪು. ಆಮೇಲೆ ಅಂಗಡಿಯ ಔಷಧಿಯೆಲ್ಲ ನಕಲಿ. ಆಮೇಲೆ, ಆ ಮನೆಯ ಸೊಸೆಗೂ ಎಲ್ಲ ಗೊತ್ತಿತ್ತು, ಅವಳೇ ಬಾಟಲಿ ತುಂಬಿಸುತ್ತಿದ್ದಳು. ಆ ಸೊಸೆ ಮದುವೆಯಾಗಿ ಬಂದದ್ದು ಮೊನ್ನೆ ಮೊನ್ನೆ.

ಒಬ್ಬರು ನೇರವಾಗಿ ಅವಳನ್ನೇ ಕೇಳಿದರು. "ಮೇಡಂ, ನೀವು ಎಲ್ಲಾ ಲೆಕ್ಕ ಹಾಕಿದೀರಲ್ಲ. ಮಾಮನ ಔಷಧಿಯಿಂದ ಮಕ್ಕಳು ಸತ್ತಿದ್ದೂ ನಿಜನಾ?"

ಅವಳು ಫೋನು ಹಿಡಿದು ಕುಳಿತಳು. ಒಂದು ಮಗುವೂ ಸತ್ತಿರಲಿಲ್ಲ. ಈಗ ಊರು ಯಾರ ಮಾತನ್ನು ನಂಬುತ್ತದೆ ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಇರಲಿಲ್ಲ. ಆ ದೊಡ್ಡ ಚುಕ್ಕೆ ಈಗ ಅವಳೇ. ಇಲ್ಲ ಎಂದು ಎರಡಕ್ಷರ ಬರೆದರೆ ಸಾಕು, ಮಾತು ಅಲ್ಲೇ ಸಾಯುತ್ತಿತ್ತು. ಬರೆದಳು. ನೋಡಿದಳು. ಅಳಿಸಿದಳು. ಫೋನನ್ನು ಮಗುಚಿಟ್ಟು ಬಟ್ಟೆ ಒಗೆಯಲು ಹೋದಳು. ವಾರ ಕಳೆಯುವುದರೊಳಗೆ ಮಾಮನ ಮನೆಯ ಕಿಟಕಿಗೆ ಕಲ್ಲು ಬಿತ್ತು, ಸೊಸೆ ತವರಿಗೆ ಹೋದಳು ಎಂದು ತಿಳಿಯಿತು. ಸೊಸೆಯ ಸುದ್ದಿ ಕೇಳಿದ ದಿನ ಅವಳಿಗೆ ಊಟ ಸೇರಲಿಲ್ಲ. ಕಿಟಕಿಯ ಸುದ್ದಿಗೆ ಹಾಗೇನೂ ಆಗಲಿಲ್ಲ. ಬರೆಯದೆ ಉಳಿದದ್ದನ್ನು ಅವಳು ಅಮ್ಮನಿಗೂ ಹೇಳಲಿಲ್ಲ.

ಈಗ ಅವಳು ಒಂದು ಬಸ್ಸು ಕಂಪೆನಿಯಲ್ಲಿ, ಯಾವ ದಾರಿಗೆ ಯಾವ ಹೊತ್ತಿನಲ್ಲಿ ಎಷ್ಟು ಜನ ಹತ್ತುತ್ತಾರೆ ಎಂದು ಅಂದಾಜು ಮಾಡುತ್ತಾಳೆ. ಅಲ್ಲಿ ಯಾರ ಮಾತೂ ಬರುವುದಿಲ್ಲ, ಬರೀ ಟಿಕೆಟ್ಟುಗಳು.

ಹೋದ ತಿಂಗಳು ಟೈಲರಮ್ಮ ಮಗಳನ್ನು ಕರೆದುಕೊಂಡು ಮನೆಗೆ ಬಂದಿದ್ದಳು. ಚಪ್ಪಲಿ ಬಿಟ್ಟು ಒಳಗೆ ಬಂದವಳೇ ನರ್ಸಮ್ಮನ ಕಾಲು ಹಿಡಿಯಲು ಬಾಗಿದಳು. "ತಪ್ಪಾಯ್ತಕ್ಕ. ಗೊತ್ತಿರಲಿಲ್ಲ."

ನರ್ಸಮ್ಮ ಕಾಲನ್ನು ಹಿಂದಕ್ಕೆ ತೆಗೆದುಕೊಂಡಳು. "ಕೂತ್ಕೋ. ಟೀ ಕುಡಿದು ಹೋಗು. ಅವನು ಬರೆದಿದ್ದಕ್ಕೆ ನೀನು ಹೊಣೆ ಅಲ್ಲ. ಆದ್ರೆ ನನ್ನ ಕೈ ಹಿಡಿದು ಎಳೆದೋಳು ನೀನೇ ತಾನೇ? ಅದಕ್ಕೆ ಮಾತ್ರ ಕ್ಷಮೆ ಕೇಳ್ಬೇಡ, ಕೊಡೋಕಾಗಲ್ಲ ನಂಗೆ."

ಟೈಲರಮ್ಮ ಕುಳಿತಳು. ಅತ್ತಳು, ಆದರೆ ಎದ್ದು ಹೋಗಲಿಲ್ಲ. ಕಿವಿ ಕೇಳದ ಮಗಳು ಇಬ್ಬರ ತುಟಿಗಳನ್ನೂ ಬಿಡದೆ ನೋಡುತ್ತಿದ್ದಳು. ಹಿಂಗೋಪಿ ಅಡುಗೆಮನೆಯಿಂದ ಟೀ ತಂದು, ಅಮ್ಮನಿಗೆ ಎಡಗೈಗೆ ಎಟಕುವ ಕಡೆ ಲೋಟವಿಟ್ಟು, ಉಳಿದವರಿಗೂ ಕೊಟ್ಟಳು. ಟೈಲರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಲೋಟ ಎತ್ತಿಕೊಂಡಳು.